ಗೆಲಾಕ್ಸಿಗಳು ಸಾಗುವ ದಾರಿ: ವಿಶ್ವಜಾಲದ ತಂತುಗಳ ರಚನೆ ಮತ್ತು ವಿಕಾಸ

(ಪುಣೆಯಲ್ಲಿ ಕನ್ನಡ ಶ್ರೋತೃಗಳ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಪರದೆಯ ಮೇಲೆ ಈಗ ನೀವು ನೋಡುತ್ತಿರುವ ಚಿತ್ರವನ್ನು ಯಾವ ದೂರದರ್ಶಕವೂ ತೆಗೆದಿಲ್ಲ. ನೀಲಿ-ನೇರಳೆ ಎಳೆಗಳು ಒಂದನ್ನೊಂದು ಕೂಡುತ್ತಾ, ಕೂಡಿದಲ್ಲಿ ಹಳದಿಯಾಗಿ ಹೊಳೆಯುವ ಗಂಟುಗಳಾಗುತ್ತಾ, ನಡುನಡುವೆ ಕತ್ತಲೆಯ ದೊಡ್ಡ ಹರಹುಗಳನ್ನು ಬಿಟ್ಟುಕೊಂಡಿರುವ ಈ ಚಿತ್ರ ಗಣಕಯಂತ್ರದಲ್ಲಿ ಲೆಕ್ಕ ಹಾಕಿ ಬಿಡಿಸಿದ್ದು. 2005ರಲ್ಲಿ ಪ್ರಕಟವಾದ ಮಿಲೆನಿಯಮ್ ಸಿಮ್ಯುಲೇಶನ್ ಎಂಬ ಈ ಲೆಕ್ಕಾಚಾರದಲ್ಲಿ ಸುಮಾರು ಸಾವಿರ ಕೋಟಿ ಕಣಗಳಿವೆ. ಒಂದೊಂದು ಕಣದ ದ್ರವ್ಯರಾಶಿ ನೂರು ಕೋಟಿ ಸೂರ್ಯರಿಗಿಂತ ತುಸು ಹೆಚ್ಚು. ಅವುಗಳನ್ನು ಇಟ್ಟಿರುವ ಕಾಲ್ಪನಿಕ ಪೆಟ್ಟಿಗೆಯ ಒಂದು ಬದಿಯ ಉದ್ದ 200 ಕೋಟಿ ಜ್ಯೋತಿರ್ವರ್ಷಕ್ಕೂ ಮಿಗಿಲು. ಕಣಗಳೆಲ್ಲವೂ ಪ್ರತಿನಿಧಿಸುವುದು ಕಪ್ಪು ದ್ರವ್ಯವನ್ನು, ಅಂದರೆ ಬೆಳಕನ್ನು ಸೂಸದ, ಹೀರದ, ತನ್ನ ಗುರುತ್ವದಿಂದ ಮಾತ್ರ ಇರವು ತೋರಿಸುವ ದ್ರವ್ಯವನ್ನು. ಇಲ್ಲಿ ಕಾಣುವ ಎಳೆಗಳೇ ತಂತುಗಳು, ಅವುಗಳ ಹೆಣಿಗೆಯೇ ವಿಶ್ವಜಾಲ. ಬಣ್ಣ ಸಾಂದ್ರತೆಯ ಗುರುತು ಅಷ್ಟೆ. ನಮ್ಮ ಕಣ್ಣು ಎಷ್ಟೇ ಸೂಕ್ಷ್ಮವಾಗಿದ್ದರೂ ಆಕಾಶದಲ್ಲಿ ಇಂಥ ನೇರಳೆ ಬಲೆ ಕಾಣುತ್ತಿರಲಿಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಈ ಚಿತ್ರವನ್ನು ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡಿದವರ ಮನಸ್ಸಿನಲ್ಲಿ ತಂತು ಎಂದರೆ ಆಕಾಶದಲ್ಲಿ ಎಲ್ಲಿಂದ ಎಲ್ಲಿಗೋ ಬಿಗಿದಿರುವ ಒಂದು ಹಗ್ಗ ಎಂಬ ಭಾವನೆ ನೆಲೆಯೂರಿರುತ್ತದೆ. ಆದರೆ ತಂತುವಿನೊಳಗಿನ ದ್ರವ್ಯ ಒಂದು ಕ್ಷಣವೂ ನಿಂತಲ್ಲಿ ನಿಂತಿಲ್ಲ. ಅದು ಬರಿದಾದ ಕಡೆಯಿಂದ ತುಂಬಿದ ಕಡೆಗೆ ಹೊರಟು, ದಾರಿಯ ಮಧ್ಯದಲ್ಲಿರುವ ದ್ರವ್ಯ. ತಂತುವಿನ ರಚನೆಯನ್ನೂ ವಿಕಾಸವನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಓದಲು ಬರುವುದಿಲ್ಲ ಎಂಬುದು ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಮುಖ್ಯ ಮಾತು.

ಮೊದಲು, ಇಂಥದ್ದೊಂದು ಜಾಲವಿದೆ ಎಂದು ಗೊತ್ತಾದದ್ದು ಹೇಗೆ ಎಂಬುದನ್ನು ನೋಡೋಣ. ಒಂದು ಗೆಲಾಕ್ಸಿ ಆಕಾಶದ ಯಾವ ದಿಕ್ಕಿನಲ್ಲಿದೆ ಎಂದು ಹೇಳುವುದು ಸುಲಭ. ಎಷ್ಟು ದೂರದಲ್ಲಿದೆ ಎಂದು ಹೇಳುವುದು ಕಷ್ಟ. ಅದಕ್ಕೆ ಆ ಗೆಲಾಕ್ಸಿಯ ಬೆಳಕನ್ನು ಒಡೆದು ರೋಹಿತವಾಗಿ ಹರಡಬೇಕು, ರೋಹಿತದ ಗೆರೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆ ಎಂದು ಅಳೆಯಬೇಕು. ವಿಶ್ವ ಹಿಗ್ಗುತ್ತಿರುವುದರಿಂದ, ಈ ಕೆಂಪುಪಲ್ಲಟ ಹೆಚ್ಚಿದಷ್ಟೂ ಗೆಲಾಕ್ಸಿ ದೂರ. 1970ರ ದಶಕದ ಕೊನೆಯವರೆಗೂ ಒಂದೊಂದು ಗೆಲಾಕ್ಸಿಗೂ ಇದನ್ನು ಬಿಡಿಬಿಡಿಯಾಗಿ ಮಾಡಬೇಕಾಗಿದ್ದರಿಂದ ನಕ್ಷೆಗಳು ಬಡವಾಗಿದ್ದವು. ಆದರೂ 1978ರ ವೇಳೆಗೆ ಎಸ್ಟೋನಿಯಾದ ಯಾನ್ ಐನಾಸ್ಟೊ ಮತ್ತು ಜತೆಗಾರರು ಗೆಲಾಕ್ಸಿಗಳು ಸರಪಳಿಗಳಂತೆ ಸಾಲುಗಟ್ಟಿರುವುದನ್ನೂ ನಡುವೆ ದೊಡ್ಡ ಖಾಲಿ ಜಾಗಗಳಿರುವುದನ್ನೂ ಗುರುತಿಸಿದ್ದರು. 1981ರಲ್ಲಿ ಬೂಟೀಸ್ ತಾರಾಪುಂಜದ ದಿಕ್ಕಿನಲ್ಲಿ ಗೆಲಾಕ್ಸಿಗಳೇ ಇಲ್ಲವೆನ್ನುವಷ್ಟು ವಿರಳವಾದ ಭಾರಿ ಶೂನ್ಯವಲಯವೊಂದು ಪತ್ತೆಯಾಯಿತು.

ಎಲ್ಲರನ್ನೂ ಒಪ್ಪಿಸಿದ್ದು 1986ರ ಒಂದು ನಕ್ಷೆ. ವಲೇರಿ ದ ಲಪಾರಾಂ, ಮಾರ್ಗರೆಟ್ ಗೆಲ್ಲರ್ ಮತ್ತು ಜಾನ್ ಹುಕ್ರಾ ಅಮೆರಿಕದ ಅರಿಝೋನಾದಲ್ಲಿದ್ದ ಒಂದೂವರೆ ಮೀಟರಿನ ದೂರದರ್ಶಕದಿಂದ ಆಕಾಶದ ಒಂದು ಉದ್ದನೆಯ ಪಟ್ಟಿಯನ್ನು ಆರಿಸಿಕೊಂಡರು. ಪಟ್ಟಿಯ ಅಗಲ ಕೇವಲ 6 ಡಿಗ್ರಿ. ಅದರಲ್ಲಿದ್ದ ಸುಮಾರು 1100 ಗೆಲಾಕ್ಸಿಗಳ ದೂರವನ್ನು ಅಳೆದು, ಭೂಮಿಯನ್ನು ತುದಿಯಲ್ಲಿಟ್ಟು ಬೀಸಣಿಗೆಯಾಕಾರದ ನಕ್ಷೆ ಬರೆದಾಗ ಚುಕ್ಕಿಗಳು ಎಲ್ಲೆಡೆ ಸಮನಾಗಿ ಚೆಲ್ಲಿರಲಿಲ್ಲ. ಗುಳ್ಳೆಗಳ ಹೊರಮೈ ಮೇಲೆ ಅಂಟಿಕೊಂಡಂತೆ ಬಾಗಿದ ಗೆರೆಗಳ ಮೇಲೆ ಕೂತಿದ್ದವು. ಇದೋ, ಆ ನಕ್ಷೆಯನ್ನು ನೋಡಿ. ನಡುವೆ ಕೈಕಾಲು ಚಾಚಿದ ಕಡ್ಡಿಮನುಷ್ಯನಂತೆ ಒಂದು ಆಕೃತಿ ಕಾಣುತ್ತದೆಯಲ್ಲವೇ? ಅವನ ಕೈಗಳು ನಿಜವಾದ ರಚನೆಗಳು. ಮೂರು ವರ್ಷಗಳ ನಂತರ ಗೆಲ್ಲರ್ ಮತ್ತು ಹುಕ್ರಾ ಮಹಾಗೋಡೆ ಎಂದು ಕರೆದದ್ದರ ಭಾಗ. ಅವನ ಉದ್ದನೆಯ ಮೈ ಮಾತ್ರ ಬಹುಮಟ್ಟಿಗೆ ಭ್ರಮೆ. ಅಲ್ಲಿರುವುದು ಕೋಮಾ ಎಂಬ ಗೆಲಾಕ್ಸಿ ಗುಚ್ಛ. ಗುಚ್ಛದೊಳಗಿನ ಗೆಲಾಕ್ಸಿಗಳು ಪರಸ್ಪರ ಗುರುತ್ವದಲ್ಲಿ ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಸುತ್ತಾಡುತ್ತವೆ. ಕೆಲವು ನಮ್ಮ ಕಡೆಗೆ, ಕೆಲವು ನಮ್ಮಿಂದಾಚೆಗೆ. ಈ ಸ್ವಂತ ಓಟ ಕೆಂಪುಪಲ್ಲಟದಲ್ಲಿ ಸೇರಿಕೊಂಡಾಗ ದೂರದ ಲೆಕ್ಕ ತಪ್ಪಿ, ದುಂಡಗಿರುವ ಗುಚ್ಛ ನಮ್ಮ ದೃಷ್ಟಿರೇಖೆಯುದ್ದಕ್ಕೂ ಜಗ್ಗಿದಂತೆ ಕಾಣುತ್ತದೆ. ನಮ್ಮ ಕಡೆಗೆ ಬೆರಳು ತೋರಿಸುತ್ತಿರುವಂತೆ ಕಾಣುವ ಯಾವ ತಂತುವನ್ನೂ ಸುಲಭವಾಗಿ ನಂಬಬಾರದು ಎಂಬ ಪಾಠ ಅಂದಿನಿಂದ ನಕ್ಷೆ ಮಾಡುವವರ ಜತೆಗಿದೆ.

ಅದೇ ಅರಿಝೋನಾದಲ್ಲಿ, ಕಿಟ್ ಪೀಕ್ ಬೆಟ್ಟದ ಮೇಲಿನ 4 ಮೀಟರಿನ ದೂರದರ್ಶಕದಲ್ಲಿ ಈಗ ಡೆಸಿ ಎಂಬ ಉಪಕರಣ ಕೆಲಸ ಮಾಡುತ್ತಿದೆ. ಪುಟ್ಟ ರೋಬೋಟುಗಳು 5000 ಗಾಜಿನ ಎಳೆಗಳ ತುದಿಯನ್ನು 5000 ಗೆಲಾಕ್ಸಿಗಳ ಬಿಂಬದ ಮೇಲೆ ಏಕಕಾಲಕ್ಕೆ ತಂದು ನಿಲ್ಲಿಸುತ್ತವೆ. 2025ರ ಮಾರ್ಚಿನಲ್ಲಿ ಬಿಡುಗಡೆಯಾದ ಅದರ ಮೊದಲ ದತ್ತಾಂಶದಲ್ಲಿ ಸುಮಾರು 1.87 ಕೋಟಿ ಆಕಾಶಕಾಯಗಳ ಮಾಹಿತಿ ಇದೆ. ಸಾವಿರದ ನೂರರಿಂದ ಕೋಟಿಗಳಿಗೆ ಏರಿದರೂ 1986ರಲ್ಲಿ ಕಂಡ ವಿನ್ಯಾಸ ಅಳಿಸಿಹೋಗಿಲ್ಲ, ಸ್ಪಷ್ಟವಾಗಿದೆ.

ಈ ವಿನ್ಯಾಸದಲ್ಲಿ ನಾಲ್ಕು ಬಗೆಯ ಪ್ರದೇಶಗಳನ್ನು ಗುರುತಿಸುವುದು ವಾಡಿಕೆ: ಶೂನ್ಯವಲಯ, ಅದರ ಅಂಚಿನಲ್ಲಿ ತೆಳ್ಳನೆಯ ಹಾಳೆ, ಹಾಳೆಗಳು ಕೂಡುವಲ್ಲಿ ತಂತು, ತಂತುಗಳು ಕೂಡುವಲ್ಲಿ ಗಂಟು. ಗೆಲಾಕ್ಸಿ ಗುಚ್ಛಗಳಿರುವುದು ಗಂಟುಗಳಲ್ಲಿ. 2014ರಲ್ಲಿ ಮಾರಿಯಸ್ ಕೌಟುನ್ ಮತ್ತು ಸಂಗಡಿಗರು ಸಿಮ್ಯುಲೇಶನ್ ಆಧರಿಸಿ ಕೊಟ್ಟ ಲೆಕ್ಕ ನೆನಪಿಟ್ಟುಕೊಳ್ಳಲು ಯೋಗ್ಯವಾದದ್ದು. ಇಂದಿನ ವಿಶ್ವದ ಗಾತ್ರದಲ್ಲಿ ಶೇ. 77ರಷ್ಟು ಶೂನ್ಯವಲಯ, ಆದರೆ ಅದರಲ್ಲಿರುವ ದ್ರವ್ಯ ಶೇ. 15 ಮಾತ್ರ. ತಂತುಗಳು ಆಕ್ರಮಿಸಿರುವುದು ಗಾತ್ರದ ಶೇ. 6ನ್ನು, ಹೊತ್ತಿರುವುದು ದ್ರವ್ಯದ ಅರ್ಧವನ್ನು. ಗುಚ್ಛಗಳ ಬಗ್ಗೆ ನಾವು ಎಷ್ಟೇ ಮಾತಾಡಿದರೂ ಅವುಗಳ ಪಾಲು ಸುಮಾರು ಶೇ. 11. ವಿಶ್ವದ ದ್ರವ್ಯ ಎಲ್ಲಿದೆ ಎಂದು ಯಾರಾದರೂ ಒಂದೇ ಮಾತಿನಲ್ಲಿ ಉತ್ತರ ಕೇಳಿದರೆ ತಂತುಗಳಲ್ಲಿ ಎಂದೇ ಹೇಳಬೇಕಾಗುತ್ತದೆ.

ಯಾಕೆ ಹಾಳೆ, ಯಾಕೆ ತಂತು? ಗುರುತ್ವ ಎಲ್ಲ ದಿಕ್ಕಿನಿಂದಲೂ ಎಳೆಯುತ್ತದೆ, ಹಾಗಾದರೆ ದ್ರವ್ಯವೆಲ್ಲ ದುಂಡನೆಯ ಮುದ್ದೆಗಳಾಗಬೇಕಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಇದಕ್ಕೆ ಉತ್ತರ ಕೊಟ್ಟವರು ಸೋವಿಯತ್ ಭೌತವಿಜ್ಞಾನಿ ಯಾಕೊವ್ ಝೆಲ್ದೊವಿಚ್, 1970ರಲ್ಲಿ. ನಕ್ಷೆಗಳಲ್ಲಿ ತಂತು ಕಾಣುವ ಮೊದಲೇ, ಕಾಗದದ ಮೇಲೆ. ಆ ವಾದವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ವಿಶ್ವಕ್ಕೆ 3 ಲಕ್ಷ 80 ಸಾವಿರ ವರ್ಷವಾಗಿದ್ದಾಗ ಹೊರಟ ಸೂಕ್ಷ್ಮತರಂಗ ಬೆಳಕು ಇಂದಿಗೂ ನಮ್ಮನ್ನು ತಲುಪುತ್ತಿದೆ. ಆ ಕಾಲದಲ್ಲಿ ಒಂದು ಕಡೆಗೂ ಇನ್ನೊಂದು ಕಡೆಗೂ ಇದ್ದ ತಾಪದ ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲಿನಷ್ಟು ಎಂದು ಅದು ಹೇಳುತ್ತದೆ. ಬಹುತೇಕ ನಯವಾದ ಆ ಹರವಿನಲ್ಲಿ ದ್ರವ್ಯದ ಒಂದು ದುಂಡನೆಯ ತುಣುಕನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಳ್ಳಿ. ಸುತ್ತಲಿನ ದ್ರವ್ಯ ಸರಿಸಮನಾಗಿ ಹಂಚಿಕೆಯಾಗಿಲ್ಲದ ಕಾರಣ ಆ ತುಣುಕಿನ ಮೇಲಿನ ಸೆಳೆತವೂ ಮೂರು ದಿಕ್ಕುಗಳಲ್ಲಿ ಮೂರು ತೆರನಾಗಿರುತ್ತದೆ. ಮೂರೂ ಸರಿಸಮ ಆಗುವುದು ಆಕಸ್ಮಿಕಗಳಲ್ಲೇ ಅಪರೂಪದ ಆಕಸ್ಮಿಕ. ಹಾಗಾಗಿ ಯಾವುದೋ ಒಂದು ದಿಕ್ಕಿನಲ್ಲಿ ಕುಗ್ಗುವಿಕೆ ಮೊದಲು ಮುಗಿಯುತ್ತದೆ, ತುಣುಕು ಚಪ್ಪಟೆಯಾಗಿ ಹಾಳೆಯಾಗುತ್ತದೆ. ಎರಡನೆಯ ದಿಕ್ಕು ಕುಗ್ಗಿದಾಗ ಹಾಳೆ ಸುರುಳಿಗೊಂಡು ತಂತುವಾಗುತ್ತದೆ. ಮೂರನೆಯದೂ ಕುಗ್ಗಿದರೆ ತಂತು ತನ್ನ ಉದ್ದಕ್ಕೇ ಸರಿದು ಗಂಟಾಗಿ ಕೊನೆಗೊಳ್ಳುತ್ತದೆ. ತಂತು ಎಂದರೆ ಎರಡು ದಿಕ್ಕಿನಲ್ಲಿ ಕುಸಿದು ಮುಗಿದು, ಮೂರನೆಯ ದಿಕ್ಕಿನಲ್ಲಿ ಇನ್ನೂ ಕುಸಿಯದಿರುವ ದ್ರವ್ಯ.

ಅದೇ 1970ರಲ್ಲಿ ಆಂದ್ರೇ ದೊರೊಷ್ಕೆವಿಚ್ ಇದರ ಸಂಭವನೀಯತೆಯನ್ನು ಲೆಕ್ಕ ಹಾಕಿದರು. ಆರಂಭದ ಏರುಪೇರುಗಳು ಯಾದೃಚ್ಛಿಕವಾಗಿದ್ದರೆ, ಯಾವುದೇ ಒಂದು ಬಿಂದುವಿನಲ್ಲಿ ಮೂರೂ ದಿಕ್ಕು ಕುಗ್ಗುವ ಸಾಧ್ಯತೆ ಶೇ. 8, ಎರಡು ಕುಗ್ಗಿ ಒಂದು ಹಿಗ್ಗುವ ಸಾಧ್ಯತೆ ಶೇ. 42, ಒಂದು ಕುಗ್ಗಿ ಎರಡು ಹಿಗ್ಗುವ ಸಾಧ್ಯತೆ ಮತ್ತೆ ಶೇ. 42, ಮೂರೂ ಹಿಗ್ಗುವ ಸಾಧ್ಯತೆ ಶೇ. 8. ಈಗ ಸ್ವಲ್ಪ ಹೊತ್ತಿನ ಹಿಂದೆ ಹೇಳಿದ ಸಂಖ್ಯೆಗಳನ್ನು ಇದರ ಪಕ್ಕದಲ್ಲಿಡಿ. ಎರಡು ಲೆಕ್ಕಗಳ ವ್ಯಾಖ್ಯೆಗಳು ಬೇರೆ ಬೇರೆಯಾದ್ದರಿಂದ ಅಂಕಿಗೆ ಅಂಕಿ ತಾಳೆ ಹಾಕುವುದು ಸರಿಯಲ್ಲ. ಆದರೂ ಆರಂಭದಲ್ಲಿ ಎರಡೂ ಕಡೆ ತೂಗಿದಂತಿದ್ದ ಹಂಚಿಕೆ ಇಂದು ಇಷ್ಟು ಒಮ್ಮುಖವಾಗಿ ವಾಲಿರುವುದು ಕಣ್ಣಿಗೆ ಹೊಡೆಯುತ್ತದೆ. ಕುಗ್ಗಿದ್ದು ಜಾಗ ಬಿಟ್ಟುಕೊಡುತ್ತದೆ, ಹಿಗ್ಗಿದ್ದು ಆ ಜಾಗವನ್ನು ಹಿಡಿಯುತ್ತದೆ; ಅಲ್ಪಸಂಖ್ಯೆಯ ಶೂನ್ಯವಲಯಗಳು ವಿಶ್ವದ ಬಹುಭಾಗವನ್ನು ತುಂಬಿಕೊಂಡದ್ದು ಹಾಗೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಪುಣೆಯ ಹತ್ತಿರದ ಒಂದು ಕಥೆ ಹೇಳಬೇಕು. ನಾಶಿಕ ರಸ್ತೆಯಲ್ಲಿ ನಾರಾಯಣಗಾಂವಿನ ಬಳಿ ಬಲಕ್ಕೆ ತಿರುಗಿ ಖೋಡದಕ್ಕೆ ಹೋದವರು ಹೊಲಗಳ ನಡುವೆ ನಿಂತ ದೈತ್ಯ ಬುಟ್ಟಿಗಳನ್ನು ನೋಡಿರುತ್ತೀರಿ. ಅದು ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ. ಒಂದೊಂದಕ್ಕೆ 45 ಮೀಟರ್ ಅಡ್ಡಳತೆಯ 30 ಬುಟ್ಟಿಗಳು. ಈ ದೂರದರ್ಶಕವನ್ನು ಕಟ್ಟುವಾಗ ಮುಂದಿಟ್ಟುಕೊಂಡ ಮುಖ್ಯ ಉದ್ದೇಶಗಳಲ್ಲಿ ಒಂದು, ಝೆಲ್ದೊವಿಚ್ ಹೇಳಿದ ಆ ಚಪ್ಪಟೆ ಹಾಳೆಗಳನ್ನು ಹುಡುಕುವುದೇ ಆಗಿತ್ತು. ಗುಚ್ಛಗಳಾಗುವ ಮುನ್ನ ಅಂಥ ಹಾಳೆಯಲ್ಲಿ ತಟಸ್ಥ ಹೈಡ್ರೋಜನ್ ಅಪಾರ ಪ್ರಮಾಣದಲ್ಲಿ ಇರಬೇಕು, ಅದು 1420 ಮೆಗಾಹರ್ಟ್ಸ್‌ನಲ್ಲಿ ಹೊರಡಿಸುವ ಸಂಕೇತ ವಿಶ್ವದ ಹಿಗ್ಗುವಿಕೆಯಿಂದ ಸುಮಾರು 330 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿದು ಬಂದು ನಮ್ಮನ್ನು ತಲುಪಬೇಕು ಎಂಬುದು ಆಗಿನ ಎಣಿಕೆ. ಆದರೆ ದೂರದರ್ಶಕ ಸಿದ್ಧವಾಗುವ ಹೊತ್ತಿಗೆ ಸಿದ್ಧಾಂತವೇ ಹೊರಳಿತ್ತು. ಕಪ್ಪು ದ್ರವ್ಯ ತಣ್ಣನೆಯ, ನಿಧಾನಗತಿಯ ಕಣಗಳಿಂದಾದದ್ದು ಎಂಬ ಚಿತ್ರ ಬಲವಾಗಿ, ಚಿಕ್ಕ ಮುದ್ದೆಗಳು ಮೊದಲು ಹುಟ್ಟಿ ಅನಂತರ ಕೂಡಿ ದೊಡ್ಡವಾಗುತ್ತವೆ ಎಂದು ಒಪ್ಪಿಗೆಯಾಯಿತು. ಅಖಂಡವಾದ ಭಾರಿ ಹೈಡ್ರೋಜನ್ ಹಾಳೆಗಳ ನಿರೀಕ್ಷೆ ಕುಗ್ಗಿತು. ಜಿಎಂಆರ್‌ಟಿ ಬೇರೆ ಅನೇಕ ಕೆಲಸಗಳಿಗೆ ಹೆಸರಾಯಿತು. ಒಂದು ಪ್ರಶ್ನೆಗಾಗಿ ಕಟ್ಟಿದ ಉಪಕರಣ ಮತ್ತೊಂದಕ್ಕೆ ಉತ್ತರ ಕೊಡುವುದು ಖಗೋಳವಿಜ್ಞಾನದಲ್ಲಿ ನಡೆದುಬಂದಿರುವ ಸಂಗತಿ, ಅದರಲ್ಲಿ ಕಳವಳಪಡುವಂಥದ್ದೇನೂ ಇಲ್ಲ.

ಹಾಗಾದರೆ ಝೆಲ್ದೊವಿಚ್ ತಪ್ಪಿದರೇ? ಇಲ್ಲ. 1996ರಲ್ಲಿ ಡಿಕ್ ಬಾಂಡ್, ಲೆವ್ ಕೋಫ್ಮನ್ ಮತ್ತು ದಿಮಿತ್ರಿ ಪೊಗೊಸ್ಯಾನ್ ಬರೆದ ಲೇಖನ ಎರಡು ಚಿತ್ರಗಳನ್ನೂ ಒಂದುಗೂಡಿಸಿತು. ಚಿಕ್ಕ ಪ್ರಮಾಣದಲ್ಲಿ ಮುದ್ದೆಗಳು ಮೊದಲು ಹುಟ್ಟುತ್ತವೆ, ನಿಜ. ಆದರೆ ಆ ಮುದ್ದೆಗಳು ಎಲ್ಲಿ ಸಾಲುಗಟ್ಟಬೇಕು ಎಂಬುದನ್ನು ದೊಡ್ಡ ಪ್ರಮಾಣದ ಸೆಳೆತ ಆಗಲೇ ನಿರ್ಧರಿಸಿರುತ್ತದೆ. ಮುಂದೆ ಗುಚ್ಛಗಳಾಗಲಿರುವ ಎರಡು ಸಾಂದ್ರ ಶಿಖರಗಳು ಆರಂಭದಲ್ಲೇ ಹತ್ತಿರವಿದ್ದು, ಅವುಗಳ ಸೆಳೆತದ ದಿಕ್ಕುಗಳು ಪರಸ್ಪರ ಎದುರಾಗಿದ್ದರೆ, ನಡುವಿನ ದ್ರವ್ಯ ಬದಿಗಳಿಂದ ಅಮುಕಿಸಿಕೊಂಡು ಸೇತುವೆಯಾಗುತ್ತದೆ. ಶಿಖರಗಳು ಹತ್ತಿರವಾದಷ್ಟೂ ಸೇತುವೆ ದಟ್ಟ. ತಂತುವಿನ ನೀಲನಕ್ಷೆ ವಿಶ್ವದ ಬಾಲ್ಯದಲ್ಲೇ ಇತ್ತು. ಗುರುತ್ವ ಮಾಡಿದ್ದು ಅದನ್ನು ತಿದ್ದಿ ದಪ್ಪಗೆ ಬರೆದದ್ದು.

ಈ ಹರಿವನ್ನು ಕಲ್ಪಿಸಿಕೊಳ್ಳಲು ನಾನು ಒಂದೇ ಒಂದು ಹೋಲಿಕೆಯನ್ನು ಬಳಸುತ್ತೇನೆ. ಸಹ್ಯಾದ್ರಿಯ ಈ ಬದಿಯಲ್ಲಿ ಬಿದ್ದ ಮಳೆ ಮೊದಲು ಇಳಿಜಾರಿನ ಮೇಲೆ ತೆಳುವಾಗಿ ಹರಡಿ ಹರಿಯುತ್ತದೆ, ಆಮೇಲೆ ತೊರೆಗಳಲ್ಲಿ ಕೂಡುತ್ತದೆ, ತೊರೆಗಳು ಮುಳಾ-ಮುಠಾ ಆಗಿ ಈ ಊರನ್ನು ದಾಟಿ ಭೀಮೆಯನ್ನು ಸೇರುತ್ತವೆ, ಭೀಮೆ ಪಂಢರಪುರವನ್ನು ಬಳಸಿ ನಮ್ಮ ವಿಜಯಪುರ, ಕಲಬುರಗಿ ಸೀಮೆಗಳಲ್ಲಿ ಹರಿದು ಕೃಷ್ಣೆಗೆ ಕೂಡುತ್ತದೆ. ವಿಶ್ವಜಾಲದಲ್ಲೂ ದ್ರವ್ಯ ಶೂನ್ಯವಲಯದಿಂದ ಹಾಳೆಗೆ, ಹಾಳೆಯಿಂದ ತಂತುವಿಗೆ, ತಂತುವಿನುದ್ದಕ್ಕೂ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಗಂಟಿನ ಕಡೆಗೆ ಸಾಗುತ್ತದೆ. ಹೋಲಿಕೆ ಮುರಿಯುವುದು ಒಂದು ಕಡೆ. ಭೀಮೆಗೆ ಪಾತ್ರ ಮೊದಲೇ ಇದೆ, ನೀರು ಬತ್ತಿದರೂ ಪಾತ್ರ ಉಳಿಯುತ್ತದೆ. ತಂತುವಿನಲ್ಲಿ ಹರಿಯುತ್ತಿರುವ ದ್ರವ್ಯದ ಗುರುತ್ವವೇ ಪಾತ್ರವನ್ನು ಆಳ ಮಾಡುತ್ತದೆ. ಹರಿವು ನಿಂತರೆ ಪಾತ್ರವೂ ಇಲ್ಲ.

ಕಾಲ ಕಳೆದಂತೆ ಜಾಲದ ಹೆಣಿಗೆ ಬದಲಾಗುತ್ತದೆ. ಸಿಮ್ಯುಲೇಶನ್ನಿನ ಗಡಿಯಾರವನ್ನು ಆರಂಭದ ಇನ್ನೂರು-ಮುನ್ನೂರು ಕೋಟಿ ವರ್ಷಗಳಿಗೆ ನಿಲ್ಲಿಸಿ ನೋಡಿದರೆ ಸಣ್ಣ ಸಣ್ಣ ತಂತುಗಳ ಒತ್ತಾದ ಗೋಜಲು ಕಾಣುತ್ತದೆ. ಮುಂದೆ ಚಿಕ್ಕ ಶೂನ್ಯವಲಯಗಳು ಒಂದರೊಳಗೊಂದು ಬೆರೆತು ದೊಡ್ಡವಾಗುತ್ತವೆ. ಅವುಗಳ ನಡುವೆ ಸಿಕ್ಕಿಕೊಂಡ ಎಳೆಗಳು ಕರಗಿ, ಹತ್ತಿರದ ತಂತುಗಳು ಪರಸ್ಪರ ಕೂಡಿ, ಕಡಿಮೆ ಸಂಖ್ಯೆಯ, ದಪ್ಪನೆಯ, ಉದ್ದನೆಯ ತಂತುಗಳು ಉಳಿಯುತ್ತವೆ. ದಪ್ಪನೆಯ ತಂತುವಿನ ನಡುಬೆನ್ನಿನಲ್ಲಿ ಸಾಂದ್ರತೆ ವಿಶ್ವದ ಸರಾಸರಿಗಿಂತ ಹತ್ತಾರು ಪಟ್ಟು ಇರುತ್ತದೆ, ಬದಿಗೆ ಸರಿದಂತೆ ಇಳಿಯುತ್ತದೆ. ಗುಚ್ಛಗಳಲ್ಲಾದರೆ ಅದು ನೂರಾರು ಪಟ್ಟು. ಈ ಬೆಳವಣಿಗೆ ಕಳೆದ ಐನೂರು-ಆರುನೂರು ಕೋಟಿ ವರ್ಷಗಳಿಂದ ಮಂದವಾಗಿದೆ. ವಿಶ್ವದ ಹಿಗ್ಗುವಿಕೆ ಆ ಹೊತ್ತಿನಲ್ಲಿ ಕಪ್ಪು ಶಕ್ತಿ ಎಂಬ, ಕಪ್ಪು ದ್ರವ್ಯಕ್ಕಿಂತ ಬೇರೆಯಾದ ಅಂಶದ ದೆಸೆಯಿಂದ ವೇಗ ಹೆಚ್ಚಿಸಿಕೊಳ್ಳತೊಡಗಿತು. ಈಗಾಗಲೇ ಗುರುತ್ವದ ಹಿಡಿತಕ್ಕೆ ಸಿಕ್ಕಿರುವ ಗುಚ್ಛಗಳು ಉಳಿಯುತ್ತವೆ. ಬಹು ಉದ್ದದ ತಂತುಗಳು ಉದ್ದಕ್ಕೂ ಬಂಧಿತವಾಗಿಲ್ಲ, ಆದ್ದರಿಂದ ದೂರದ ಭವಿಷ್ಯದಲ್ಲಿ ಅವು ಹಿಗ್ಗುವಿಕೆಯ ಜತೆ ಜಗ್ಗಿ ತೆಳುವಾಗುತ್ತವೆ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಕಪ್ಪು ದ್ರವ್ಯದ ಮಾತು. ನಮಗೆ ಕಾಣಬಹುದಾದದ್ದು ಅದರ ಬೆನ್ನಿಗೆ ಹೋಗುವ ಅನಿಲ. ಈ ಅನಿಲದ ಸುತ್ತ ದಶಕಗಳ ಕಾಲ ಒಂದು ಲೆಕ್ಕಪತ್ರದ ತಲೆನೋವಿತ್ತು. ಸೂಕ್ಷ್ಮತರಂಗ ಬೆಳಕಿನಿಂದ ಸಾಮಾನ್ಯ ದ್ರವ್ಯ ಒಟ್ಟು ಎಷ್ಟಿರಬೇಕು ಎಂಬುದು ಗೊತ್ತಿತ್ತು. ಆದರೆ ಹತ್ತಿರದ ವಿಶ್ವದಲ್ಲಿ ನಕ್ಷತ್ರ, ಗೆಲಾಕ್ಸಿ, ಗುಚ್ಛಗಳ ಅನಿಲ ಎಲ್ಲವನ್ನೂ ಕೂಡಿದರೂ ದೊಡ್ಡ ಪಾಲು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. 1999ರಲ್ಲಿ ರೆನ್ಯುಯೆ ಸೆನ್ ಮತ್ತು ಜೆರೆಮಿಯಾ ಆಸ್ಟ್ರೈಕರ್ ಸಿಮ್ಯುಲೇಶನ್ನಿನ ನೆರವಿನಿಂದ, ಕಾಣೆಯಾದದ್ದು ತಂತುಗಳಲ್ಲಿ ಲಕ್ಷದಿಂದ ಕೋಟಿ ಡಿಗ್ರಿ ತಾಪದ ತೆಳು ಅನಿಲವಾಗಿ ಅಡಗಿದೆ ಎಂದು ವಾದಿಸಿದರು. ತಂತುವಿನೊಳಗೆ ಬೀಳುವ ಅನಿಲ ಆಘಾತ ತರಂಗಗಳಿಗೆ ಸಿಕ್ಕಿ ಬಿಸಿಯಾಗುತ್ತದೆ. ಅಷ್ಟು ತೆಳುವಾದ ಅನಿಲ ಅಷ್ಟು ಬಿಸಿಯಾದಾಗ ಬೆಳಕನ್ನು ಬಹಳ ಕ್ಷೀಣವಾಗಿ ಸೂಸುತ್ತದೆ. 2020ರಲ್ಲಿ ಆಸ್ಟ್ರೇಲಿಯದ ಜಾನ್-ಪಿಯರ್ ಮಕಾರ್ ಮತ್ತು ಸಂಗಡಿಗರು ಕ್ಷಿಪ್ರ ರೇಡಿಯೊ ಸ್ಫೋಟಗಳನ್ನು ಬಳಸಿ ಈ ದ್ರವ್ಯವನ್ನು ತೂಗಿದರು. ದೂರದ ಗೆಲಾಕ್ಸಿಯಿಂದ ಹೊರಟ ಮಿಲಿಸೆಕೆಂಡುಗಳ ಸ್ಪಂದ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನುಗಳನ್ನು ಹಾಯ್ದಿದೆಯೋ ಅದಕ್ಕೆ ತಕ್ಕಂತೆ ಅದರ ಕೆಳ ಆವರ್ತನಗಳು ಹಿಂದೆ ಬೀಳುತ್ತವೆ. ಆ ವಿಳಂಬದಿಂದ ತೆಗೆದ ಮೊತ್ತ ಸೂಕ್ಷ್ಮತರಂಗ ಬೆಳಕು ಹೇಳಿದ ಮೊತ್ತಕ್ಕೆ ಹೊಂದಿಕೊಂಡಿತು. ಆ ಲೇಖನ ಪ್ರಕಟವಾದ ಕೆಲವೇ ವಾರಗಳಲ್ಲಿ ಮಕಾರ್ ತೀರಿಕೊಂಡರು ಎಂಬುದನ್ನು ಇಲ್ಲಿ ನೆನೆಯಬೇಕೆನಿಸುತ್ತದೆ.

ಮೊತ್ತ ಸಿಕ್ಕಿತು, ಒಂದು ತಂತುವನ್ನೇ ನೇರವಾಗಿ ನೋಡುವುದು ಇನ್ನೊಂದು ಹಂತ. 2025ರಲ್ಲಿ ಎರಡು ಒಳ್ಳೆಯ ಫಲಿತಾಂಶಗಳು ಬಂದವು. ಚಿಲಿ ದೇಶದ ವಿಎಲ್‌ಟಿ ದೂರದರ್ಶಕದಲ್ಲಿ ನೂರಾರು ಗಂಟೆ ಒಂದೇ ಜಾಗವನ್ನು ದಿಟ್ಟಿಸಿ, ಸುಮಾರು 1200 ಕೋಟಿ ವರ್ಷಗಳ ಹಿಂದೆ ಬೆಳಕು ಹೊರಟ ಎರಡು ಗೆಲಾಕ್ಸಿಗಳ ನಡುವಣ 30 ಲಕ್ಷ ಜ್ಯೋತಿರ್ವರ್ಷ ಉದ್ದದ ತಂತುವಿನ ಹೈಡ್ರೋಜನ್ ಹೊಳಪನ್ನು ಹಿಡಿದರು. ಇನ್ನೊಂದು ನಮಗೆ ಹತ್ತಿರದ ಶೇಪ್ಲಿ ಮಹಾಗುಚ್ಛದಲ್ಲಿ: ನಾಲ್ಕು ಗುಚ್ಛಗಳನ್ನು ಕೂಡಿಸುವ, 2.3 ಕೋಟಿ ಜ್ಯೋತಿರ್ವರ್ಷ ಉದ್ದದ, ಒಂದು ಕೋಟಿ ಡಿಗ್ರಿಗೂ ಹೆಚ್ಚು ಬಿಸಿಯಾದ ಅನಿಲದ ಎಳೆ. ಇದರಲ್ಲಿ ಕೆಲಸ ಹಂಚಿಕೊಂಡ ರೀತಿ ನನಗೆ ಮೆಚ್ಚಿಗೆ. ಜಪಾನಿನ ಸುಜಾಕು ಉಪಗ್ರಹ ವಿಶಾಲ ಪ್ರದೇಶದಲ್ಲಿ ಹರಡಿದ್ದ ಕ್ಷೀಣ ಕ್ಷ-ಕಿರಣಗಳನ್ನು ಅಳೆಯಿತು. ಯೂರೋಪಿನ ಎಕ್ಸ್‌ಎಂಎಂ-ನ್ಯೂಟನ್ ಆ ಪ್ರದೇಶದೊಳಗೆ ಕಪ್ಪುಕುಳಿಗಳಿಂದ ಬರುತ್ತಿದ್ದ ಕ್ಷ-ಕಿರಣದ ಚುಕ್ಕೆಗಳನ್ನು ಒಂದೊಂದಾಗಿ ಗುರುತಿಸಿ ತೆಗೆದುಹಾಕಲು ನೆರವಾಯಿತು. ಉಳಿದದ್ದು ತಂತುವಿನ ಪಾಲು. ಅದರ ದ್ರವ್ಯರಾಶಿ ನಮ್ಮ ಕ್ಷೀರಪಥದ ಸುಮಾರು ಹತ್ತರಷ್ಟು.

ಈಗ ಒಂದು ಕಿರಿಕಿರಿಯ ಪ್ರಶ್ನೆಗೆ ಬರುತ್ತೇನೆ. ತಂತು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ? ಗುಚ್ಛಕ್ಕಾದರೂ ಒಂದು ಅಂಚನ್ನು ಒಪ್ಪಬಹುದು, ತಂತುವಿಗೆ ಅದು ಕಷ್ಟ. 2018ರಲ್ಲಿ ಪ್ರಕಟವಾದ ಒಂದು ತುಲನಾತ್ಮಕ ಅಧ್ಯಯನದಲ್ಲಿ ಒಂದೇ ಸಿಮ್ಯುಲೇಶನ್ನನ್ನು ಹನ್ನೆರಡು ವಿಧಾನಗಳಿಗೆ ಕೊಟ್ಟು ನೋಡಿದಾಗ, ಸ್ಥೂಲ ಚಿತ್ರದಲ್ಲಿ ಹೊಂದಿಕೆಯಿದ್ದರೂ ತಂತುಗಳು ಎಷ್ಟು ಜಾಗ ಹಿಡಿದಿವೆ, ಎಷ್ಟು ದ್ರವ್ಯ ಹೊತ್ತಿವೆ ಎಂಬುದರಲ್ಲಿ ಉತ್ತರಗಳು ಗಣನೀಯವಾಗಿ ಭಿನ್ನವಾದವು. ನಾನು ಹೇಳಿದ ಶೇ. 6, ಶೇ. 50 ಎಂಬ ಅಂಕಿಗಳನ್ನೂ ಆ ಎಚ್ಚರದಿಂದಲೇ ಇಟ್ಟುಕೊಳ್ಳಿ.

ಆಕಾರವನ್ನು ಅಳೆಯುವ ಈ ಕೆಲಸದಲ್ಲಿ ಪುಣೆಯ ಪಾಲು ದೊಡ್ಡದು. ವಿಶ್ವವಿದ್ಯಾಲಯದ ಆವರಣದಲ್ಲಿರುವ ಐಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರದ ವರುಣ್ ಸಾಹ್ನಿ, ಬಿ. ಎಸ್. ಸತ್ಯಪ್ರಕಾಶ್ ಮತ್ತು ಸೆರ್ಗೇಯ್ ಶಾಂಡಾರಿನ್ ಅವರೊಡನೆ 1998ರಲ್ಲಿ ಒಂದು ಸೊಗಸಾದ ಉಪಾಯ ಸೂಚಿಸಿದರು. ಸಮಾನ ಸಾಂದ್ರತೆಯ ಮೇಲ್ಮೈಯಿಂದ ಆವರಿಸಿದ ಒಂದು ರಚನೆಯನ್ನು ತೆಗೆದುಕೊಳ್ಳಿ. ಅದರ ಗಾತ್ರ, ಮೇಲ್ಮೈ ವಿಸ್ತೀರ್ಣ ಮತ್ತು ಮೇಲ್ಮೈಯ ಒಟ್ಟು ಬಾಗು ಇವಿಷ್ಟನ್ನು ಅಳೆಯಿರಿ. ಗಾತ್ರದ ಮೂರು ಪಟ್ಟನ್ನು ವಿಸ್ತೀರ್ಣದಿಂದ ಭಾಗಿಸಿದರೆ ದಪ್ಪ ಸಿಗುತ್ತದೆ, ವಿಸ್ತೀರ್ಣವನ್ನು ಬಾಗಿನಿಂದ ಭಾಗಿಸಿದರೆ ಅಗಲ, ಬಾಗನ್ನು ಪೈಯ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಉದ್ದ. ಗೋಳಕ್ಕೆ ಈ ಮೂರೂ ಅದರ ತ್ರಿಜ್ಯಕ್ಕೆ ಸಮ. ಅಗಲ ಮತ್ತು ದಪ್ಪ ಹತ್ತಿರವಿದ್ದು ಉದ್ದ ಮಾತ್ರ ಬಹಳ ಹೆಚ್ಚಿದ್ದರೆ ಅದು ತಂತು. ರಚನೆ ಎಷ್ಟೇ ಡೊಂಕಾಗಿದ್ದರೂ, ಕವಲೊಡೆದಿದ್ದರೂ ಈ ಅಳತೆ ನಿಲ್ಲುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ.

ಉದ್ದದ ವಿಷಯದಲ್ಲಿ ಖರಗಪುರದ ಸೋಮನಾಥ ಭಾರದ್ವಾಜ್ ಮತ್ತು ಸಂಗಡಿಗರು 2004ರಲ್ಲಿ ಮಾಡಿದ ಪರೀಕ್ಷೆ ಇನ್ನೂ ಸರಳ. ಲಾಸ್ ಕಾಂಪಾನಾಸ್ ಎಂಬ ಗೆಲಾಕ್ಸಿ ಸಮೀಕ್ಷೆಯ ನಕ್ಷೆಯನ್ನು ಚೌಕಗಳಾಗಿ ಕತ್ತರಿಸಿ, ಚೌಕಗಳನ್ನು ಕಲೆಸಿ ಮತ್ತೆ ಜೋಡಿಸಿದರು. ಚೌಕಕ್ಕಿಂತ ಉದ್ದವಾದ ನಿಜ ತಂತುಗಳಿದ್ದರೆ ಅವು ಈ ಕಲೆಸಾಟದಲ್ಲಿ ತುಂಡಾಗಬೇಕು. ಆಕಸ್ಮಿಕವಾಗಿ ಒಂದರ ಪಕ್ಕ ಒಂದು ಬಂದು ಉದ್ದವಾಗಿ ಕಂಡಿದ್ದವಾದರೆ ಕಲೆಸಿದರೂ ಅಷ್ಟೇ ಸಂಖ್ಯೆಯಲ್ಲಿ ಮತ್ತೆ ಹುಟ್ಟಿಕೊಳ್ಳಬೇಕು. ಹೀಗೆ ನೋಡಿದಾಗ ಒಂದು ಪಟ್ಟಿಯಲ್ಲಿ ತಂತುಗಳು ನಿಜವೆನಿಸಿದ್ದು ಸುಮಾರು 33ರಿಂದ 37 ಕೋಟಿ ಜ್ಯೋತಿರ್ವರ್ಷಗಳ ಉದ್ದದವರೆಗೆ, ಉಳಿದ ಪಟ್ಟಿಗಳಲ್ಲಿ ಅದಕ್ಕೂ ಕಡಿಮೆ. ನೂರು ಕೋಟಿ ಜ್ಯೋತಿರ್ವರ್ಷ ದಾಟಿದ ಗೋಡೆ ಸಿಕ್ಕಿತು ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಈ ಕತ್ತರಿ ನೆನಪಾಗುತ್ತದೆ. 137 ಕೋಟಿ ಜ್ಯೋತಿರ್ವರ್ಷ ಉದ್ದದ ಸ್ಲೋನ್ ಮಹಾಗೋಡೆ ಹಲವು ಮಹಾಗುಚ್ಛಗಳ ಸಾಲು. ಅದನ್ನು ಒಂದೇ ವಸ್ತುವೆನ್ನಲು ನಾನು ಹಿಂಜರಿಯುತ್ತೇನೆ.

ಪುಣೆಯವರೇ ಕಂಡುಹಿಡಿದ ಸರಸ್ವತಿ ಮಹಾಗುಚ್ಛದ ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. 2017ರಲ್ಲಿ ಐಯುಕಾದ ಜಯದೀಪ್ ಬಾಗ್ಚಿ, ಐಸರ್ ಪುಣೆಯ ಶಿಶಿರ್ ಸಾಂಖ್ಯಾಯನ್ ಮೊದಲಾದವರು ಸ್ಲೋನ್ ಸಮೀಕ್ಷೆಯ ದತ್ತಾಂಶದಲ್ಲಿ, ಮೀನ ರಾಶಿಯ ದಿಕ್ಕಿನಲ್ಲಿ, 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಇದನ್ನು ಗುರುತಿಸಿದರು. ಹರವು ಸುಮಾರು 60 ಕೋಟಿ ಜ್ಯೋತಿರ್ವರ್ಷ, ದ್ರವ್ಯರಾಶಿ ಇನ್ನೂರು ಕೋಟಿ ಕೋಟಿ ಸೂರ್ಯರಷ್ಟು. ತಂತುಗಳು ಕೂಡುವ ಎಡೆಯಲ್ಲಿ 43 ಗುಚ್ಛ ಮತ್ತು ಗುಂಪುಗಳು. ನಾವು ನೋಡುತ್ತಿರುವುದು 400 ಕೋಟಿ ವರ್ಷ ಹಿಂದಿನ ಸರಸ್ವತಿಯನ್ನು. ಕಪ್ಪು ಶಕ್ತಿ ಮೇಲುಗೈ ಪಡೆಯುತ್ತಿದ್ದ ಹೊತ್ತಿನಲ್ಲಿ ಅಷ್ಟು ದೊಡ್ಡ ರಚನೆ ಹೇಗೆ ಕೂಡಿಬಂದಿತು ಎಂಬುದು ಅದರ ಕುತೂಹಲ.

ತಂತುವಿನಲ್ಲಿ ವಾಸಿಸುವುದರಿಂದ ಗೆಲಾಕ್ಸಿಗೆ ಏನಾಗುತ್ತದೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ತಂತುವಿನ ನಡುಬೆನ್ನಿಗೆ ಹತ್ತಿರವಾದಷ್ಟೂ ಗೆಲಾಕ್ಸಿಗಳು ಭಾರಿಯಾಗಿ, ಕೆಂಪಾಗಿ, ನಕ್ಷತ್ರ ಹುಟ್ಟಿಸುವುದನ್ನು ಕಡಿಮೆ ಮಾಡಿಕೊಂಡಿರುತ್ತವೆ. ಅವುಗಳ ತಿರುಗುವಿಕೆಯಲ್ಲೂ ತಂತುವಿನ ಗುರುತಿದೆ: ಕಡಿಮೆ ದ್ರವ್ಯರಾಶಿಯವುಗಳ ಅಕ್ಷ ತಂತುವಿಗೆ ಸಮಾಂತರವಾಗಿಯೂ ಹೆಚ್ಚಿನವುಗಳ ಅಕ್ಷ ಅಡ್ಡಲಾಗಿಯೂ ಇರುವ ಒಲವು ಕಾಣುತ್ತದೆ. ಚಿಕ್ಕವು ತಂತುವಿನೊಳಗೆ ಬಂದು ಬೀಳುವ ದ್ರವ್ಯದ ಸುಳಿಯಿಂದ ತಿರುಗುವಿಕೆಯನ್ನು ಪಡೆದಿವೆ. ದೊಡ್ಡವು ಆಮೇಲೆ ತಂತುವಿನುದ್ದಕ್ಕೂ ಬಂದ ಇತರ ಗೆಲಾಕ್ಸಿಗಳೊಡನೆ ಬೆರೆತು ಅಕ್ಷ ಹೊರಳಿಸಿಕೊಂಡಿವೆ. 2021ರಲ್ಲಿ ಪೆಂಗ್ ವಾಂಗ್ ಮತ್ತು ಜತೆಗಾರರು ಸಾವಿರಾರು ತಂತುಗಳನ್ನು ಒಟ್ಟಿಗೆ ಪರಿಶೀಲಿಸಿ, ತಂತುಗಳೇ ತಮ್ಮ ಬೆನ್ನಿನ ಸುತ್ತ ತಿರುಗುತ್ತಿರಬಹುದು ಎಂಬುದಕ್ಕೂ ಸಾಕ್ಷ್ಯ ಕೊಟ್ಟರು.

ಉಪನ್ಯಾಸಕ್ಕೆ ಮುನ್ನವೇ ಒಬ್ಬರು ಚೀಟಿ ಕೊಟ್ಟಿದ್ದರು: ನಮ್ಮ ಕ್ಷೀರಪಥ ಯಾವ ತಂತುವಿನಲ್ಲಿದೆ? ಕ್ಷೀರಪಥ, ಆಂಡ್ರೊಮಿಡಾ ಮತ್ತು ಸುತ್ತಲಿನ ಕೆಲವು ಗೆಲಾಕ್ಸಿಗಳು ಇರುವುದು ಒಂದು ತೆಳು ಹಾಳೆಯಲ್ಲಿ. ಅದರ ಒಂದು ಬದಿಗೆ ಸ್ಥಳೀಯ ಶೂನ್ಯವಲಯವಿದೆ, ಇನ್ನೊಂದು ಕಡೆ ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಕನ್ಯಾ ಗುಚ್ಛವಿದೆ. ಬ್ರೆಂಟ್ ಟುಲ್ಲಿ ಮತ್ತು ಸಂಗಡಿಗರು 2008ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಈ ಹಾಳೆ ಶೂನ್ಯವಲಯದಿಂದ ಸೆಕೆಂಡಿಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿದೆ, ಕನ್ಯಾ ಗುಚ್ಛದ ಕಡೆಗೆ ಸುಮಾರು 185 ಕಿಲೋಮೀಟರ್ ವೇಗದಲ್ಲಿ ಸೆಳೆಯಲ್ಪಡುತ್ತಿದೆ. ಅದೇ ಟುಲ್ಲಿ 2014ರಲ್ಲಿ ಹೆಲೆನ್ ಕೂರ್ಟ್ವಾ ಮೊದಲಾದವರ ಜತೆ, ಗೆಲಾಕ್ಸಿಗಳ ಈ ಓಟವನ್ನೇ ಆಧಾರವಾಗಿಟ್ಟುಕೊಂಡು ನಮ್ಮ ಮಹಾಗುಚ್ಛದ ಗಡಿ ಗುರುತಿಸಿ ಅದಕ್ಕೆ ಲಾನಿಯಾಕೆಯಾ ಎಂದು ಹೆಸರಿಟ್ಟರು; ಹರಿವು ಎಲ್ಲಿ ಈ ಕಡೆಗೂ ಆ ಕಡೆಗೂ ಕವಲೊಡೆಯುತ್ತದೆಯೋ ಅಲ್ಲೇ ಗಡಿ, ಅಡ್ಡಳತೆ ಸುಮಾರು 50 ಕೋಟಿ ಜ್ಯೋತಿರ್ವರ್ಷ. ಆದ್ದರಿಂದ ಚೀಟಿ ಬರೆದವರಿಗೆ ನನ್ನ ಉತ್ತರ: ಸದ್ಯ ನಾವು ಹಾಳೆಯಲ್ಲಿದ್ದೇವೆ, ಕನ್ಯಾ ಗುಚ್ಛದ ಕಡೆಗಿನ ಸೆಳೆತದಲ್ಲಿದ್ದೇವೆ, ಆದರೆ ವಿಶ್ವದ ಹಿಗ್ಗುವಿಕೆ ಆ ಸೆಳೆತಕ್ಕಿಂತ ಬಲವಾಗಿರುವುದರಿಂದ ಆ ಗುಚ್ಛವನ್ನು ತಲುಪುವ ಸಂಭವವಿಲ್ಲ.